ಸೀಸೆಯಲ್ಲಿ ಉಳಿದದ್ದು

ಗುರುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ದೊಡ್ಡ ಮಗಳಿಗೆ,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯಲು ಕೂತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಅತ್ತುಬಿಡುತ್ತೇನೆ, ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಆ ತೊಂದರೆ ಇಲ್ಲ. ಸಿಟ್ಟಿನಲ್ಲಿ ಅರ್ಧಕ್ಕೆ ಹರಿದು ಹಾಕಿದರೂ ಆಮೇಲೆ ಎರಡು ಚೂರನ್ನೂ ಜೋಡಿಸಿಕೊಂಡು ಓದುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ.

ಬೈಯಲು ಕೂತಿಲ್ಲ, ಹೆದರಬೇಡ. ಬೈಯುವುದಿದ್ದರೆ ನಿನ್ನೆಯೇ ಆ ಕಚೇರಿಯ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಬೈಯುತ್ತಿದ್ದೆ. ನನ್ನ ಗಂಟಲಿಗೆ ಮೈಕು ಬೇಕಾಗಿಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ. ನೀನು ಹೊರಟುಹೋದ ಮೇಲೆ ಏನಾಯಿತು ಎಂದು ಯಾರೂ ನಿನಗೆ ಹೇಳಿರಲಾರರು. ಹೇಳಬೇಕಾದವಳು ನಾನೇ. ನಿನ್ನ ತಂಗಿ ಪುಟ್ಟಿಗೆ ಈ ಕಾಗದದ ವಿಷಯ ಗೊತ್ತಿಲ್ಲ. ಅವಳು ಮುಂದಿನ ಕೋಣೆಯಲ್ಲಿ ಗಾಲಿಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಾಳೆ. ನಾನು ಇಸ್ತ್ರಿ ಮೇಜಿನ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದೇನೆ. ಅವಳು ಕರೆದರೆ ಮೇಲೊಂದು ಅಂಗಿ ಹರಡಿಬಿಡುತ್ತೇನೆ.

ಅರ್ಜಿ ವಜಾ ಆಯಿತು, ಮಗಳೇ. ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡುವ ಮಂಡಳಿ ಎಂದು ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆಸಿದ್ದಾರಲ್ಲ, ಒಳಗೆ ಮಾತು ಮುಗಿದದ್ದು ಚಹಾ ಆರುವಷ್ಟರಲ್ಲಿ. ಅರ್ಜಿದಾರಳು ಲಸಿಕೆ ಪಡೆದಿದ್ದಾಳೆ ಎಂಬುದಕ್ಕೇ ಆಧಾರವಿಲ್ಲ, ಆದ್ದರಿಂದ ಅದರಿಂದ ತೊಂದರೆಯಾಯಿತೇ ಎಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದು ಅಧ್ಯಕ್ಷರು ಓದಿದರು. ಉದ್ಭವಿಸುವುದಿಲ್ಲವಂತೆ. ಪ್ರಶ್ನೆ ಅವರ ಎದುರಿಗೇ ಕುರ್ಚಿಯಲ್ಲಿ ಕೂತಿತ್ತು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ಆ ಕೈಗಳನ್ನು ಹಾಗೆ ಇಟ್ಟವಳು ನಾನು, ಬೆಳಿಗ್ಗೆ ಹೊರಡುವಾಗ.

ಆ ಸಂಜೆಯನ್ನು ನಿನಗೆ ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ. ನಿನ್ನೆ ಅಷ್ಟು ಜನರ ಎದುರು ಅದು ನಡೆದೇ ಇಲ್ಲ ಎಂದಾಗಿಬಿಟ್ಟಿತು. ಒಂದು ಕಾಗದದಲ್ಲಾದರೂ ಇರಲಿ.

ಶಾಲೆಯಲ್ಲಿ ಲಸಿಕೆಯ ಶಿಬಿರ ನಡೆಯುತ್ತಿತ್ತು, ಸೂಜಿ ಹಾಕುವ ನರ್ಸು ನೀನೇ. ಕತ್ತಲಾಗುವ ಹೊತ್ತು. ನೀನು ಕೊನೆಯ ಸೀಸೆಯನ್ನು ತೆರೆದಾಗಿತ್ತು, ಪಟ್ಟಿಯಲ್ಲಿ ಉಳಿದಿದ್ದ ಬೇಕರಿಯವನು ಬರಲೇ ಇಲ್ಲ. ತೆರೆದ ಸೀಸೆಯನ್ನು ಮಾರನೆಯ ದಿನಕ್ಕೆ ಇಡುವ ಹಾಗಿಲ್ಲ, ಉಳಿದದ್ದನ್ನು ಎಸೆಯಬೇಕು. ಎಸೆಯುವುದೆಂದರೆ ನಿನಗೆ ಮೊದಲಿಂದಲೂ ಜೀವ ಹೋದ ಹಾಗೆ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಿ ಇಡುತ್ತಿದ್ದವಳು ನೀನು. ಅಂಗಡಿಗೆ ಫೋನ್ ಮಾಡಿದೆ. ಒಂದು ಡೋಸ್ ಉಳಿದಿದೆ ಅಮ್ಮ, ಪುಟ್ಟಿ ವಯಸ್ಸಿನೋರ ಸರದಿ ಬರೋಕೆ ಇನ್ನೂ ಎಷ್ಟು ತಿಂಗಳಾಗುತ್ತೋ, ಹೊರಗಿನ ಜನರ ಬಟ್ಟೆ ಮುಟ್ಟೋ ಕೆಲಸ ಅವಳದ್ದು, ಈಗಲೇ ಕರ್ಕೊಂಡು ಬಾ ಅಂದೆ. ನಾವಿಬ್ಬರೂ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಓಡಿಬಂದೆವು. ಅವಸರದಲ್ಲಿ ಪುಟ್ಟಿ ನನ್ನ ಚಪ್ಪಲಿ ಮೆಟ್ಟಿಕೊಂಡಿದ್ದಳು.

ಮೂರನೇ ತರಗತಿಯ ಕೋಣೆ. ಚಿಕ್ಕ ಮಕ್ಕಳ ಬೆಂಚು, ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪುಟ್ಟಿ ಸೂಜಿ ಕಂಡು ಮುಖ ತಿರುಗಿಸಿದಳು. ನೀನು ಬಿಟ್ಟೆಯಾ? ದಿನವಿಡೀ ಸೂಜಿ ಹಿಡಿಯೋಳಿಗೆ ಸೂಜಿ ಅಂದ್ರೆ ಭಯವಾ ಎಂದು ರೇಗಿಸಿದೆ. ಅವಳು ನಗುತ್ತಿದ್ದಾಗಲೇ ಚುಚ್ಚಿಬಿಟ್ಟೆ. ನಿನ್ನ ಕೈ ಅಷ್ಟು ಹಗುರ. ಆಮೇಲೆ ಪಟ್ಟಿಯನ್ನು ಎಳೆದುಕೊಂಡು ಬೇಕರಿಯವನ ಹೆಸರಿನ ಮುಂದೆ ಗುರುತು ಹಾಕಿದೆ. ಇದೇನೇ ಎಂದು ಕೇಳಿದ್ದಕ್ಕೆ, ಲೆಕ್ಕ ಸರಿಹೋಗ್ಬೇಕಲ್ಲಮ್ಮ, ಇಲ್ಲದಿದ್ರೆ ಒಂದು ಡೋಸಿಗೆ ಹತ್ತು ಕಡೆ ಉತ್ತರ ಕೊಡ್ಬೇಕು ಅಂದೆ. ಪುಟ್ಟಿಯ ಹೆಸರನ್ನು ಎಲ್ಲೂ ಬರೆಯಲಿಲ್ಲ. ಬರೆಯಬೇಕಿತ್ತು ಎಂದು ನಮಗಾರಿಗೂ ಹೊಳೆಯಲೂ ಇಲ್ಲ. ತಂಗಿಗೆ ಅಕ್ಕ ಮಾಡಿದ ಉಪಕಾರಕ್ಕೆ ರಸೀದಿ ಯಾರು ಕೇಳುತ್ತಾರೆ?

ಬೇಕರಿಯವನು ಅಂಗಡಿ ಮುಚ್ಚಿ ಎತ್ತಲೋ ಹೋದ. ಸರ್ಕಾರದ ಲೆಕ್ಕದಲ್ಲಿ ಆ ಸಂಜೆಯ ಕೊನೆಯ ಡೋಸ್ ಇವತ್ತಿಗೂ ಅವನ ತೋಳಿನಲ್ಲೇ ಇದೆ.

ಮುಂದಿನದು ನಿನಗೆ ಗೊತ್ತು. ಕೆಲವು ದಿನ ಕಳೆದ ಮೇಲೆ, ಎಳೆ ಬೆರಳಿಗೆ ಸಿಗುತ್ತಿಲ್ಲವೆಂದು ಮೊದಲು ಪುಟ್ಟಿ ದಾರವನ್ನು ಬೈದಳು, ಆಮೇಲೆ ದೀಪವನ್ನು ಬೈದಳು. ರಫೂ ಮಾಡುವವಳ ಕೆಲಸ ಎಂಥದ್ದು ಎಂದು ನೋಡಿಕೊಂಡೇ ಬೆಳೆದವಳು ನೀನು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಬೇಕು, ತೂತಿನ ಮೇಲೆ ಒಂದೊಂದಾಗಿ ನೇಯಬೇಕು, ಎಲ್ಲಿ ಹರಿದಿತ್ತು ಎಂದು ಬಟ್ಟೆಯ ಯಜಮಾನನಿಗೇ ಗುರುತು ಸಿಗಬಾರದು. ಬೆರಳ ತುದಿಯೇ ಅವಳ ಕಣ್ಣು. ಒಂದು ದಿನ ಒಬ್ಬ ಮೇಷ್ಟರ ಬೂದು ಬಣ್ಣದ ಕೋಟನ್ನು ನನ್ನ ಕೈಗೆ ಕೊಟ್ಟು, ಅಮ್ಮ ಇದರ ಮೇಲೆ ಏನೋ ಕೆಂಪಗಿದೆ ನೋಡು ಅಂದಳು. ರಕ್ತ. ಅವಳದೇ. ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡಿದ್ದಳೋ, ಅವಳಿಗೆ ಗೊತ್ತೇ ಆಗಿರಲಿಲ್ಲ. ಆ ವಾರ ಕಳೆಯುವುದರೊಳಗೆ ಕಾಲೂ ಹೋಯಿತು. ಆ ಕೋಟು ಇನ್ನೂ ಗೋಡೆಯ ಮೊಳೆಗೇ ನೇತಾಡುತ್ತಿದೆ, ಅರ್ಧ ನೇಯ್ದ ತೋಳಿನಲ್ಲಿ ಸೂಜಿ ಹಾಗೇ ಇದೆ. ಮೇಷ್ಟರು ಎದುರಿನಿಂದ ಹಾದುಹೋಗುತ್ತಾರೆ, ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ನೀನು ಇದ್ದ ರೀತಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಡ್ಯೂಟಿ ಮುಗಿಸಿ ಬಂದು ಅವಳ ಮಂಚದ ಕೆಳಗೆ ಬರಿನೆಲದ ಮೇಲೆ ಮಲಗುತ್ತಿದ್ದೆ. ಅವಳ ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುತ್ತಿದ್ದೆ. ವಾರ್ಡಿನ ನರ್ಸುಗಳ ಜೊತೆ ನೀನು ಜಗಳಾಡಿದ್ದನ್ನು ಕಂಡು, ಸದ್ಯ ನಿನ್ನ ವಾರ್ಡಿಗೆ ನಿನ್ನಂಥ ಮನೆಯವರು ಬರದಿರಲಿ ಎಂದು ನಾನೇ ಹಾಸ್ಯ ಮಾಡಿದ್ದೆ. ದೊಡ್ಡ ಡಾಕ್ಟರು ಹೇಳಿದಾಗ ನೀನೂ ಪಕ್ಕದಲ್ಲೇ ನಿಂತಿದ್ದೆ. ನರಗಳ ಹೊದಿಕೆ ಕೆಟ್ಟಿದೆ, ಲಸಿಕೆ ಹಾಕಿಸಿಕೊಂಡ ಮೇಲೆ ಅಪರೂಪಕ್ಕೆ ಹೀಗಾಗುವುದುಂಟು, ಬರೀ ಹೊಟ್ಟೆ ಕೆಟ್ಟ ಮೇಲೂ ಆಗುವುದುಂಟು, ಇವಳಿಗೆ ಯಾವುದರಿಂದ ಎಂದು ಹೇಳಲು ಬರುವುದಿಲ್ಲ ಅಂದರು. ಲಸಿಕೆ ಎಂಬ ಮಾತು ಬಂದಾಗ ನೀನು ನೀರಿನ ಲೋಟ ಕೆಳಗಿಟ್ಟೆ. ಅವತ್ತಿನಿಂದ ನಿನ್ನ ಮಾತು ಕಡಿಮೆಯಾಯಿತು.

ಕೈ ಸೋಲುವ ಹಿಂದಿನ ವಾರ ಪುಟ್ಟಿಗೆ ಹೊಟ್ಟೆ ಕೆಟ್ಟಿದ್ದೂ ನಿಜ. ಸೂಜಿಯಿಂದಲೇ ಆಯಿತು ಎಂದು ನಾನು ಎದೆ ಮುಟ್ಟಿಕೊಂಡು ಹೇಳಲಾರೆ. ನಿನ್ನ ಕೈಯಿಂದ ಹಾಕಿಸಿಕೊಂಡ ಈ ಬೀದಿಯವರೆಲ್ಲ ಗಟ್ಟಿಮುಟ್ಟಾಗಿದ್ದಾರೆ, ನಾನೂ ಇದ್ದೇನೆ, ಮೊಮ್ಮಕ್ಕಳೂ ಇದ್ದಾರೆ. ಪುಟ್ಟಿಯೂ ಒಂದು ದಿನವಾದರೂ ಅಕ್ಕನಿಂದ ಹೀಗಾಯಿತು ಅಂದವಳಲ್ಲ. ಅವಳು ಕೇಳಿದ್ದು ಇಷ್ಟೇ. ನನ್ನ ಕೈಗೆ ಏನಾಯ್ತು ಅಂತ ತಿಳಿದವರು ಕೂತು ವಿಚಾರಿಸಲಿ, ಲಸಿಕೆಯಿಂದ ಅಂತಾದ್ರೆ ಪರಿಹಾರ ಕೊಡ್ಲಿ, ವ್ಯಾಯಾಮ ಮಾಡಿಸೋರನ್ನ ಇಟ್ಕೊಳ್ಳೋಣ, ಅದರಿಂದ ಅಲ್ಲ ಅಂತಾದ್ರೆ ಅದನ್ನಾದ್ರೂ ಹೇಳ್ಲಿ. ವಕೀಲಮ್ಮನೂ ಮೊದಲೇ ಎಚ್ಚರಿಸಿದ್ದರು, ಗೆಲ್ಲುವುದು ಕಷ್ಟ ಎಂದು. ಅವರ ಕರಿಕೋಟಿಗೆ ಇಸ್ತ್ರಿ ಮಾಡಿದ ಋಣಕ್ಕೆ ಕೇಸು ಹಿಡಿದವರು ಅವರು. ಹಾಗೆ ಸೋತಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು. ಆದರೆ ಈ ಸೋಲು ಬೇರೆ. ಅವಳಿಗೆ, ನೀನು ಅಲ್ಲಿ ಇರಲೇ ಇಲ್ಲ, ನಿನಗೆ ಸೂಜಿಯನ್ನೇ ಹಾಕಿಲ್ಲ, ಎದ್ದು ಮನೆಗೆ ಹೋಗು ಎಂದ ಹಾಗಾಯಿತು. ಎದ್ದು ಹೋಗುವುದಾದರೂ ಹೇಗೆ?

ನಿನ್ನ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಅಳಿಯ ತೀರಿಕೊಂಡ ಮೇಲೆ ಆ ಕೆಲಸವೊಂದೇ ನಿನ್ನ ಮನೆಯ ಕಂಬ. ಸರದಿ ಬರದವಳಿಗೆ ಕೊಟ್ಟೆ, ಬಾರದವನ ಹೆಸರಿಗೆ ಗುರುತು ಹಾಕಿದೆ ಎಂದು ಒಪ್ಪಿಕೊಂಡ ಮರುದಿನವೇ ನಿನ್ನನ್ನು ಮನೆಗೆ ಕಳಿಸುತ್ತಾರೆ. ಎರಡು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀಯ? ಸಾಕ್ಷಿ ಹೇಳಲು ಬಾ ಎಂದು ಮಂಡಳಿಯ ನೋಟಿಸು ಬಂದಂದಿನಿಂದ ನೀನು ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಕ್ಕಳನ್ನೂ ಕಳಿಸಲಿಲ್ಲ. ಪುಟ್ಟಿ ಮಾತ್ರ ನಿನ್ನ ಪರವಾಗಿ ನನ್ನ ಜೊತೆ ವಾದಕ್ಕೆ ನಿಲ್ಲುತ್ತಿದ್ದಳು. ಅಕ್ಕ ಬಂದೇ ಬರ್ತಾಳೆ, ಹೇಳೇ ಹೇಳ್ತಾಳೆ, ಕೆಲಸ ಹೋದ್ರೆ ನಾವೆಲ್ಲ ಸೇರಿ ಲಾಂಡ್ರಿ ನಡೆಸೋಣ ಬಿಡು, ನರ್ಸಮ್ಮನ ಲಾಂಡ್ರಿ ಅಂತ ಬೋರ್ಡು ಹಾಕೋಣ ಎಂದು ನಗುತ್ತಿದ್ದಳು. ನಿನ್ನೆ ಬೆಳಿಗ್ಗೆಯೂ ತಲೆ ಬಾಚಿಸಿಕೊಳ್ಳುವಾಗ ಅದನ್ನೇ ಅಂದಳು.

ನೀನು ಬಂದೆ. ಯೂನಿಫಾರ್ಮಿನಲ್ಲೇ ಬಂದೆ, ಅಲ್ಲಿಂದ ನೇರವಾಗಿ ಡ್ಯೂಟಿಗೆ ಹೋಗುವವಳ ಹಾಗೆ. ನಿನ್ನನ್ನು ಕಂಡದ್ದೇ ಪುಟ್ಟಿ ಕತ್ತು ನೆಟ್ಟಗೆ ಮಾಡಿ ಕೂತಳು. ಇವರು ನಿಮಗೇನಾಗಬೇಕು ಎಂದು ಮಂಡಳಿಯ ವಕೀಲ ಕೇಳಿದ. ತಂಗಿ ಅಂದೆ. ಆ ದಿನ ಇವರಿಗೆ ಲಸಿಕೆ ಕೊಟ್ಟಿರಾ ಎಂದ. ನೀನು ಅವನ ಮುಖ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ, ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ನೋಡುತ್ತಾ, ಆ ದಿನ ತುಂಬಾ ಜನ ಇದ್ರು, ಪಟ್ಟಿಯಲ್ಲಿ ಇದ್ದೋರಿಗೆ ಮಾತ್ರ ಕೊಟ್ಟಿದ್ದೀನಿ ಅಂದೆ. ಅಷ್ಟೇ. ಗಿಣಿಪಾಠ ಒಪ್ಪಿಸಿದ ಹಾಗಿತ್ತು. ಎಷ್ಟು ಸಲ ಹೇಳಿಕೊಂಡು ಅಭ್ಯಾಸ ಮಾಡಿದ್ದೆಯೋ, ಪಾಪ.

ನನಗೆ ಸಿಟ್ಟು ಬಂತು. ಬಂದದ್ದನ್ನು ಬಂತು ಎಂದೇ ಹೇಳುತ್ತೇನೆ. ಎದ್ದು ಬಂದು ನಿನ್ನ ಭುಜ ಹಿಡಿದು ಅಲುಗಾಡಿಸಬೇಕು ಎನಿಸಿತು. ಆದರೆ ಹೊರಗೆ ಹೋಗುತ್ತಾ ನೀನು ಪುಟ್ಟಿಯ ಕುರ್ಚಿಯ ಹತ್ತಿರ ಒಂದು ಗಳಿಗೆ ನಿಂತೆ. ಅವಳ ಮೊಣಕಾಲಿನಿಂದ ಜಾರಿದ್ದ ಶಾಲನ್ನು ಸರಿಮಾಡಿದೆ. ಹಾಗೇ ಬಗ್ಗಿ, ಹೆಬ್ಬೆರಳಿನಿಂದ ಅವಳ ಪಾದದ ಹರಡಿನ ಹತ್ತಿರ ಒತ್ತಿ ನೋಡಿದೆ, ಊತ ಇದೆಯೇ ಎಂದು. ಮಾಡಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ನಾನು ನೋಡಿದೆ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಆಮೇಲೆ ನೀನು ಬಾಗಿಲು ದಾಟಿದೆ.

ನೀನು ಹೋದ ಮೇಲೆ ಇನ್ನೇನೂ ಹೆಚ್ಚು ನಡೆಯಲಿಲ್ಲ. ನನ್ನನ್ನೂ ಕರೆದು ಒಂದೆರಡು ಮಾತು ಕೇಳಿದರು, ಅದು ಬಿಡು. ಆಮೇಲೆ ಅಧ್ಯಕ್ಷರು ಓದಿದರು.

ವಕೀಲಮ್ಮ ತಮ್ಮ ಕಾರಿನಲ್ಲೇ ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಪುಟ್ಟಿ ಅವರ ಜೊತೆ ಮಾತಾಡಿದಳು, ನನ್ನ ಜೊತೆಯಲ್ಲ. ಅಧ್ಯಕ್ಷರ ಕೋಟಿನ ಬಲ ಮೊಣಕೈ ಬಿಡ್ತಾ ಇದೆ, ಈಗಲೇ ಹಿಡಿದ್ರೆ ಉಳಿಯುತ್ತೆ, ಇನ್ನೊಂದು ತಿಂಗಳು ಬಿಟ್ರೆ ತೇಪೆಯೇ ಗತಿ ಅಂದಳು. ಅಕ್ಕ ತೆಳ್ಳಗಾಗಿದ್ದಾಳೆ, ಊಟ ಮಾಡ್ತಿಲ್ಲ ಅನ್ಸುತ್ತೆ ಅಂದಳು. ಆಮೇಲೆ, ಅಕ್ಕ ಕಾಲು ಒತ್ತಿದ್ದು ನಂಗೆ ಗೊತ್ತಾಗ್ಲಿಲ್ಲ, ಆದ್ರೆ ಕಂಡಿತು ಅಂದಳು. ವಕೀಲಮ್ಮ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಮೇಲಿನ ಕೋರ್ಟಿಗೆ ಹೋಗಲು ದಾರಿ ಇದೆಯಂತೆ. ಆದರೆ ಸಾಕ್ಷಿಗಳು ಹೇಳಿದ್ದು ಹಾಗೇ ಇರುವಾಗ ಅಲ್ಲೂ ಇದೇ ಆಗುತ್ತದೆ ಎಂದು ವಕೀಲಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದರು. ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಸ್ತ್ರಿಗೆಂದು ತಂದಿದ್ದ ಕೋಟನ್ನು ಕೊಡದೆ ವಾಪಸು ತೆಗೆದುಕೊಂಡು ಹೋದರು, ಮರೆತು ಇರಬೇಕು.

ನಿನ್ನೆಯಿಂದ ಪುಟ್ಟಿಗೆ ಹಸಿವಿಲ್ಲವಂತೆ. ತಲೆ ಬಾಚುತ್ತೇನೆ ಬಾ ಎಂದರೆ, ಸುಸ್ತಾಗಿದೆ, ಬೇಡ ಅನ್ನುತ್ತಾಳೆ. ಎದುರಿನ ಫೋಟೋ ಸ್ಟುಡಿಯೋದಾಕೆ ಬೆಳಿಗ್ಗೆ ಬಂದು ಅವಳ ಹತ್ತಿರ ಕೂತಿದ್ದಳು. ನಾನು ಇಲ್ಲಿ ಅಂಗಿಗಳಿಗೆ ನೀರು ಚಿಮುಕಿಸುತ್ತಿದ್ದೆ, ಗೋಡೆಯೇನು ದಪ್ಪ ಇದೆಯೇ, ಎಲ್ಲ ಕೇಳಿಸಿತು. ಪುಟ್ಟಿ ಅವಳನ್ನು ಕೇಳುತ್ತಿದ್ದಳು, ನಿಜವಾಗ್ಲೂ ನಂಗೆ ಸೂಜಿ ಹಾಕಿದ್ರಾ, ಇಲ್ಲ ನಾನೇ ಕನಸು ಕಂಡ್ನಾ, ಅಷ್ಟು ಜನ ತಿಳಿದವರು ಇಲ್ಲ ಅಂದಮೇಲೆ ನಾನೇ ಎಲ್ಲೋ ತಪ್ಪು ತಿಳ್ಕೊಂಡಿರ್ಬೇಕು. ನಗುತ್ತಾ ಕೇಳಿದಳೋ ಅಳುತ್ತಾ ಕೇಳಿದಳೋ ಗೋಡೆಯ ಈಚೆಯಿಂದ ತಿಳಿಯಲಿಲ್ಲ. ಅವಳ ಕೈ ಹೋಯಿತು, ಕಾಲು ಹೋಯಿತು, ಕೆಲಸ ಹೋಯಿತು. ಈಗ ಅವಳ ನೆನಪನ್ನೂ ನಾವು ಕಿತ್ತುಕೊಂಡೆವೇನೋ ಎಂದು ಭಯವಾಗುತ್ತಿದೆ.

ಅದಕ್ಕೇ ಕೇಳುತ್ತಿದ್ದೇನೆ. ಭಾನುವಾರ ಬಾ. ಮಂಡಳಿಗೆ ಹೋಗಿ ಮಾತು ಬದಲಿಸು ಎಂದು ಕೇಳುತ್ತಿಲ್ಲ. ಆ ಬಾಗಿಲು ಮುಚ್ಚಿತು, ಅದು ನನಗೂ ಗೊತ್ತು. ಇನ್ನು ಪರಿಹಾರವೂ ಇಲ್ಲ, ವ್ಯಾಯಾಮದವರೂ ಇಲ್ಲ, ಅವಳ ಬೆರಳು ಮತ್ತೆ ಎಳೆ ಹಿಡಿಯುತ್ತದೆ ಎಂಬ ಆಸೆಯನ್ನೂ ನಾನು ಇಟ್ಟುಕೊಂಡಿಲ್ಲ. ನಾನು ಇರುವವರೆಗೆ ನೋಡಿಕೊಳ್ಳುತ್ತೇನೆ, ಆಮೇಲೆ ಏನು ಎಂದು ಯೋಚಿಸಲು ಹೋದರೆ ಇಸ್ತ್ರಿಯ ಕೆಳಗಿನ ಬಟ್ಟೆ ಸುಟ್ಟುಹೋಗುತ್ತದೆ. ನೀನು ಬಾ, ಸಾಕು. ಬಾಗಿಲು ಹಾಕಿಕೊಂಡು ಅವಳ ಕಿವಿಯಲ್ಲಿ ಹೇಳು, ಹೌದು ಪುಟ್ಟಿ, ನಾನೇ ಹಾಕಿದ್ದು, ಮೂರನೇ ತರಗತಿಯ ಕೋಣೆ, ನೀನು ಅಮ್ಮನ ಚಪ್ಪಲಿ ಹಾಕ್ಕೊಂಡು ಬಂದಿದ್ದೆ ಎಂದು. ಕಿವಿಯಲ್ಲಿ ಹೇಳಿದ್ದನ್ನು ಯಾವ ಮಂಡಳಿಯೂ ಬರೆದುಕೊಳ್ಳುವುದಿಲ್ಲ. ನಾನು ಅಂಗಡಿಯ ಬಾಗಿಲಲ್ಲಿ ಕಾವಲು ಕೂತಿರುತ್ತೇನೆ, ಒಂದು ನರಪಿಳ್ಳೆಯನ್ನೂ ಒಳಗೆ ಬಿಡುವುದಿಲ್ಲ.

ನೀನೇ ಹೇಳಬಹುದಲ್ಲಮ್ಮ, ನೀನೂ ಅಲ್ಲಿದ್ದೆಯಲ್ಲ ಎಂದು ಕೇಳಬೇಡ. ನನ್ನ ಮಾತಿಗೆ ಈಗ ಅವಳ ಹತ್ತಿರ ಬೆಲೆ ಇಲ್ಲ.

ಮಕ್ಕಳಿಗೆ ಅಜ್ಜಿ ಕೇಳಿದಳೆಂದು ಹೇಳು. ಚಿಕ್ಕವನ ಶಾಲೆಯ ಅಂಗಿಯ ಕಾಲರ್ ಸವೆದಿದ್ದರೆ ತೆಗೆದುಕೊಂಡು ಬಾ, ತಿರುವಿ ಹಾಕಿಕೊಡುತ್ತೇನೆ. ಅಷ್ಟು ಹೊಲಿಗೆ ನನಗೂ ಬರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ತೆಳ್ಳಗಾಗಿರುವುದು ನಿಜ.

ನಿಮ್ಮಿಬ್ಬರನ್ನೂ ಹೆತ್ತ,
ಅಮ್ಮ

ಮತ್ತೆ ಬರೆದದ್ದು: ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿಯಾಗಿತ್ತು. ಮತ್ತೆ ತೆಗೆದೆ. ನನ್ನನ್ನೂ ಕರೆದು ಒಂದೆರಡು ಮಾತು ಕೇಳಿದರು ಎಂದು ಬರೆದೆನಲ್ಲ. ವಕೀಲಮ್ಮ ಹೇಳಿಕೊಟ್ಟಿದ್ದರು, ದೊಡ್ಡವಳು ಬಾಯಿ ಬಿಡದಿದ್ದರೆ ನೀವು ಹೇಳಿ, ನೀವು ಕಣ್ಣಾರೆ ಕಂಡವರು ಎಂದು. ನೀವು ನೋಡಿದಿರಾ ಎಂದು ಮಂಡಳಿಯ ವಕೀಲ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ, ಯೋಚಿಸಿ ಹೇಳಿ ಅಮ್ಮ, ಈಗಷ್ಟೇ ನಿಮ್ಮ ದೊಡ್ಡ ಮಗಳು ಪ್ರಮಾಣ ಮಾಡಿ ಹೇಳಿ ಹೋಗಿದ್ದಾರೆ, ಅವರು ಸುಳ್ಳು ಹೇಳಿದ್ರು ಅಂತೀರಾ ಎಂದ. ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ಹೇಳಮ್ಮ ಎಂಬ ಹಾಗೆ ತಲೆ ಆಡಿಸಿದಳು. ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ನಾನು ಹೂಂ ಎಂದಿದ್ದರೆ ನಿನ್ನ ಕೆಲಸ ಮಾತ್ರ ಹೋಗುತ್ತಿರಲಿಲ್ಲ, ಸುಳ್ಳು ಪ್ರಮಾಣಕ್ಕೆ ನಿನ್ನನ್ನು ಜೈಲಿಗೂ ಎಳೆಯುತ್ತಿದ್ದರು. ನಾನು ಶಾಲೆಯ ಗೇಟಿನ ಹತ್ತಿರ ನಿಂತಿದ್ದೆ, ಒಳಗೆ ಏನಾಯಿತೋ ನೋಡಿಲ್ಲ ಅಂದೆ. ನಾನು ಎಲ್ಲಿ ನಿಂತಿದ್ದೆ ಎಂದು ನಿನಗೆ ಗೊತ್ತು. ನೀನು ಸೂಜಿ ತೆಗೆದ ಮೇಲೆ ಅವಳ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದವಳು ನಾನು. ಆ ಸಂಜೆ ಆ ಕೋಣೆಯಲ್ಲಿ ಇದ್ದದ್ದು ನಾವು ಮೂವರು, ಹೌದು ಎಂದವಳು ಅವಳೊಬ್ಬಳೇ. ಹಸಿವಿಲ್ಲವಂತೆ ಎಂದು ಬರೆದದ್ದೂ ಸುಳ್ಳು. ಹಸಿವಿದೆ. ಸ್ಟುಡಿಯೋದಾಕೆ ಕೊಟ್ಟರೆ ತಿನ್ನುತ್ತಾಳೆ. ನನ್ನ ಕೈಯಿಂದ ತಿನ್ನುವುದಿಲ್ಲ.